ಇಲಿಯ ನೆನಪು, ಮನುಷ್ಯನ ಮರೆವು

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಮುಪ್ಪಿನಲ್ಲಿ ಬುದ್ಧಿ ಮಸುಕಾಗುವುದು ತಲೆ ನರೆಯುವಷ್ಟೇ ಸಹಜವೆಂದು ಹಿರಿಯರು ನಂಬಿದ್ದರು. ಇಂದು ಹಾಗೆ ಕೈಕಟ್ಟಿ ಕೂಡುವವರು ಕಡಿಮೆ. ತಂದೆಗೋ ತಾಯಿಗೋ ಹೆಸರುಗಳು ಮರೆಯತೊಡಗಿದೊಡನೆ ಮನೆಗೆ ಬ್ರಾಹ್ಮಿಯ ಮಾತ್ರೆ, ಅರಿಸಿನದ ಕ್ಯಾಪ್ಸೂಲು, ಅಶ್ವಗಂಧದ ಪುಡಿ, ವಿಟಮಿನ್ 'ಇ' ಬರುತ್ತವೆ. 'ಪ್ರಯೋಗಗಳಿಂದ ಸಾಬೀತಾಗಿದೆ' ಎಂಬ ಭರವಸೆಯೂ ಅವುಗಳೊಡನೆ ಬರುತ್ತದೆ. ಯಾರ ಮೇಲೆ ನಡೆದ ಪ್ರಯೋಗ? ಸಾಬೀತಾದದ್ದು ಏನು? ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವನ್ನು ತಿರುವಿ ಹಾಕಬೇಕು.

ಮರೆವು ಒಂದು ರೋಗವೆಂದು ಮಿದುಳಿನೊಳಗೇ ಕಂಡವನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್. 1906ರ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಆತ, ಐವತ್ತರ ಹರೆಯದಲ್ಲೇ ನೆನಪು ಕಳೆದುಕೊಂಡು ತೀರಿಹೋದ ಹೆಂಗಸೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದುದನ್ನು ವಿವರಿಸಿದ. ನರಕೋಶಗಳ ನಡುವೆ ಏನೋ ಗಡ್ಡೆಕಟ್ಟಿತ್ತು, ಕೋಶಗಳೊಳಗೆ ಎಳೆಗಳು ಸಿಕ್ಕುಗಟ್ಟಿದ್ದವು. ಈ ಗಡ್ಡೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು ಎಂಬುದು ಬಹುಕಾಲದ ಮೇಲೆ ತಿಳಿಯಿತು.

ಉತ್ಕರ್ಷಣ ನಿರೋಧಕಗಳು, ಎಂದರೆ ಎಲ್ಲರೂ ಈಗ ಆಂಟಿಆಕ್ಸಿಡೆಂಟ್ ಎನ್ನುವ ವಸ್ತುಗಳು, ಈ ಕಥೆಗೆ ಬಂದದ್ದು ಬೇರೊಂದು ಬಾಗಿಲಿನಿಂದ. ಕೊಯ್ದಿಟ್ಟ ಸೇಬು ಕಂದುವುದು, ಹಳೆಯ ಎಣ್ಣೆ ಕಮಟುವುದು ಎಲ್ಲವೂ ಆಮ್ಲಜನಕದ ಆಟ. ಶೆಲ್ ಎಣ್ಣೆ ಕಂಪೆನಿಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದು ಆಮೇಲೆ ವೈದ್ಯಕೀಯ ಓದಿದ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್, ಇಂಥದೇ ಕ್ರಿಯೆ ದೇಹದೊಳಗೂ ನಡೆಯುತ್ತದೆ, ಮುಪ್ಪಿಗೆ ಅದೇ ಕಾರಣ ಎಂದು 1956ರಲ್ಲಿ ಬರೆದ. ಉಸಿರಾಟದ ಆಮ್ಲಜನಕದಿಂದಲೇ ಹುಟ್ಟುವ 'ಫ್ರೀ ರ್‍ಯಾಡಿಕಲ್' ಎಂಬ ಚಂಚಲ ಕಣಗಳು ಕೋಶಗಳನ್ನು ಕೊರೆಯುತ್ತವೆ ಎಂಬುದು ಅವನ ವಾದ. ಅವುಗಳನ್ನು ತಡೆಯುವ ವಸ್ತುಗಳನ್ನು ಚಿಟ್ಟಿಲಿಗಳ ಮೇವಿನಲ್ಲಿ ಬೆರೆಸಿದಾಗ ಕೆಲವು ತಳಿಗಳ ಸರಾಸರಿ ಆಯುಸ್ಸು ಹೆಚ್ಚಿತು.

ಇಲ್ಲಿಂದ ಮಿದುಳಿಗೆ ಒಂದೇ ಹೆಜ್ಜೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಬಳಸುತ್ತದೆ. ಅದರಲ್ಲಿ ಕೊಬ್ಬಿನ ಅಂಶವೂ ವಿಪುಲ. ಹೀಗಿರಲು, ಎಣ್ಣೆ ಕಮಟುವಂತೆ ಮಿದುಳೂ ಕೆಡಬಹುದಲ್ಲವೆ? ಕೆಡದಂತೆ ಸೊಪ್ಪು, ಹಣ್ಣು, ಬೇರುಗಳಿಂದ ಕಾಯಬಹುದಲ್ಲವೆ?

ಪರೀಕ್ಷಿಸಲು ಪ್ರಾಣಿಯ ನೆನಪನ್ನು ಅಳೆಯುವ ಉಪಾಯ ಬೇಕಿತ್ತು. 1981ರಲ್ಲಿ ಸ್ಕಾಟ್ಲೆಂಡಿನ ರಿಚರ್ಡ್ ಮಾರಿಸ್ ಅದನ್ನು ಒದಗಿಸಿದ. ದುಂಡನೆಯ ತೊಟ್ಟಿಯ ನೀರಿಗೆ ಹಾಲು ಬೆರೆಸಿ, ಮೇಲ್ಮೈಗಿಂತ ತುಸು ಕೆಳಗೆ ಒಂದು ಸಣ್ಣ ಮಣೆಯನ್ನು ಬಚ್ಚಿಟ್ಟು, ಇಲಿಯನ್ನು ಈಜಲು ಬಿಡುವುದು. ಮಣೆಯ ಜಾಗ ನೆನಪಿದ್ದರೆ ಇಲಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ಇಲ್ಲದಿದ್ದರೆ ಸುತ್ತುತ್ತಲೇ ಇರುತ್ತದೆ. ಇಷ್ಟು ಸರಳವಾದ ಸಾಧನ ಕೆಲವೇ ವರ್ಷಗಳಲ್ಲಿ ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲ ಹರಡಿತು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಲಖನೌದ ನವಾಬರ ಅರಮನೆಯಾಗಿದ್ದ ಛತ್ತರ್ ಮಂಜಿಲ್‌ನಲ್ಲಿ 1951ರಲ್ಲಿ ಆರಂಭವಾದ ಕೇಂದ್ರೀಯ ಔಷಧ ಸಂಶೋಧನಾಲಯದ ಎಚ್. ಕೆ. ಸಿಂಗ್ ಮತ್ತು ಬಿ. ಎನ್. ಧವನ್ ಅವರು, ಬ್ರಾಹ್ಮಿಯ ಸಾರ ಕುಡಿದ ಇಲಿಗಳು ಪಾಠವನ್ನು ಬೇಗ ಕಲಿಯುತ್ತವೆಂದು 1982ರಲ್ಲಿ ಪ್ರಕಟಿಸಿದರು. ಬ್ರಾಹ್ಮಿಯಿಂದ ಇಲಿಯ ಮಿದುಳಿನ ಉತ್ಕರ್ಷಣ ನಿರೋಧಕ ಕಿಣ್ವಗಳು ವೃದ್ಧಿಯಾಗುವುದನ್ನು ಎಸ್. ಕೆ. ಭಟ್ಟಾಚಾರ್ಯ ಮತ್ತು ಸಹೋದ್ಯೋಗಿಗಳು 2000ದಲ್ಲಿ ವರದಿ ಮಾಡಿದರು.

ಇಲ್ಲಿ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕು. ಆ ಬ್ರಾಹ್ಮಿ ಯಾವುದು? ಲಖನೌದ ಪ್ರಯೋಗದಲ್ಲಿ ಬಳಸಿದ್ದು ಕೆಸರಿನಲ್ಲಿ ಹಬ್ಬುವ, ದಪ್ಪನೆಯ ಕಿರಿಯ ಎಲೆಗಳ ನೀರುಬ್ರಾಹ್ಮಿ. ನಮ್ಮೂರುಗಳಲ್ಲಿ ಅನೇಕರು ಬ್ರಾಹ್ಮಿಯೆನ್ನುವುದು ಒಂದೆಲಗವನ್ನು: ತಂಬುಳಿಗೆ ಅರೆಯುವ, ತುಳುವರು ತಿಮರೆಯೆನ್ನುವ, ಚೆನ್ನೈಯ ಪೇಟೆಯಲ್ಲಿ ವಲ್ಲಾರೈ ಎಂದು ಮಾರುವ ದುಂಡೆಲೆಯ ಸೊಪ್ಪನ್ನು. ಎರಡಕ್ಕೂ ಕುಲಸಂಬಂಧವಿಲ್ಲ. ಒಂದೆಲಗ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ್ದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಶೋಧಕರು ಒಂದೆಲಗವನ್ನು ಚಿಟ್ಟಿಲಿಗಳಲ್ಲಿಯೂ (2008) ನೀರುಬ್ರಾಹ್ಮಿಯನ್ನು ಹಣ್ಣುನೊಣಗಳಲ್ಲಿಯೂ (2009) ಪರೀಕ್ಷಿಸಿದರು. ನರಗಳಿಗೆ ವಿಷವುಣಿಸಿದ ಆ ಜೀವಿಗಳಲ್ಲಿ ಹಾನಿ ಕಡಿಮೆಯಾದದ್ದು ನಿಜ. ಆದರೆ ಒಂದು ಗಿಡದ ಫಲಿತಾಂಶವನ್ನು ಮತ್ತೊಂದಕ್ಕೆ ಹೇಳುವಂತಿಲ್ಲ. ವಿಷವುಂಡ ನೊಣವೂ ಮರೆವಿನ ಮುದುಕನೂ ಒಂದಲ್ಲ.

ಅತ್ತ ಅಮೆರಿಕದಲ್ಲಿ ಉತ್ಸಾಹ ಏರುತ್ತಲೇ ಇತ್ತು. ಬಾಸ್ಟನ್ನಿನ ಜೇಮ್ಸ್ ಜೋಸೆಫ್ ತಂಡ 1999ರಲ್ಲಿ, ಹತ್ತೊಂಬತ್ತು ತಿಂಗಳ ಮುದಿ ಇಲಿಗಳಿಗೆ ಎಂಟು ವಾರ ಬಸಳೆಯಂಥ ಪಾಲಕ್, ಸ್ಟ್ರಾಬೆರ್ರಿ, ಬ್ಲೂಬೆರ್ರಿ ಹಣ್ಣಿನ ಸಾರ ಉಣಿಸಿತು. ಇಲಿಗಳ ನೆನಪು ಸುಧಾರಿಸಿತು. ಬ್ಲೂಬೆರ್ರಿ ತಿಂದವು ಕೋಲಿನ ಮೇಲೆ ತಪ್ಪದೆ ನಡೆಯುವುದರಲ್ಲಿಯೂ ಮೇಲಾದವು. ಅಷ್ಟರಲ್ಲಿ ಮನುಷ್ಯನ ರೋಗದ ಜೀನನ್ನು ಸೇರಿಸಿ, ಮಿದುಳಿನಲ್ಲಿ ಅಮಿಲಾಯ್ಡ್ ಗಡ್ಡೆ ಬೆಳೆಯುವ ಚಿಟ್ಟಿಲಿಗಳನ್ನೂ ವಿಜ್ಞಾನಿಗಳು 1995–96ರಲ್ಲಿ ಸೃಷ್ಟಿಸಿದ್ದರು. ಲಾಸ್ ಏಂಜಲಿಸ್‌ನ ಗ್ರೆಗರಿ ಕೋಲ್ ಮತ್ತು ಸ್ಯಾಲಿ ಫ್ರೌಷಿ ಅವರ ತಂಡ ಇಂಥ ಚಿಟ್ಟಿಲಿಗಳಿಗೆ ಅರಿಸಿನದ ಕರ್ಕ್ಯುಮಿನ್ ಉಣಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಮೇವಿನ ಹತ್ತು ಲಕ್ಷ ಪಾಲಿಗೆ 160 ಪಾಲು ಬೆರೆಸಿದಾಗ ಗಡ್ಡೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. 5000 ಪಾಲು ಬೆರೆಸಿದಾಗ ಆ ಫಲ ಕಾಣಲಿಲ್ಲ! ಹೆಚ್ಚು ನುಂಗಿದಷ್ಟೂ ಹೆಚ್ಚು ಲಾಭವೆಂದು ತಿಳಿದವರು ಇದನ್ನು ಗಮನಿಸಬೇಕು.

ಅಶ್ವಗಂಧದ ಸರದಿ 2012ರಲ್ಲಿ ಬಂತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ, ಬೇರಿನ ಸಾರವನ್ನು ಮೂವತ್ತು ದಿನ ಉಣಿಸಿ ಚಿಟ್ಟಿಲಿಗಳ ಮರೆವು ಹಿಂಜರಿದುದನ್ನು ತೋರಿಸಿತು. ಕೌತುಕವೆಂದರೆ ಆ ಸಾರದ ಕೆಲಸ ನಡೆದದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ. ಅಲ್ಲಿ ಒಂದು ಪ್ರೋಟೀನು ಹೆಚ್ಚಿ, ಮಿದುಳಿನ ಅಮಿಲಾಯ್ಡನ್ನು ರಕ್ತದ ಕಡೆಗೆ ಸೆಳೆದಿತ್ತು. 'ಉತ್ಕರ್ಷಣ ನಿರೋಧಕ' ಎಂಬ ಒಂದೇ ಪದದಿಂದ ಗಿಡಮೂಲಿಕೆಯ ಗುಣವೆಲ್ಲವನ್ನೂ ವಿವರಿಸಲಾಗದೆಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ಮನುಷ್ಯರ ಮಾತು. 1997ರಲ್ಲಿ 341 ರೋಗಿಗಳ ಪರೀಕ್ಷೆಯಲ್ಲಿ ವಿಟಮಿನ್ 'ಇ' ರೋಗ ಉಲ್ಬಣಿಸುವುದನ್ನು ಕೊಂಚ ತಡಮಾಡಿತು. ನೆನಪು ಮಾತ್ರ ಮರಳಲಿಲ್ಲ. 2005ರಲ್ಲಿ, ಮರೆವಿನ ಹೊಸ್ತಿಲಲ್ಲಿದ್ದ 769 ಜನರ ಪರೀಕ್ಷೆಯಲ್ಲಿ ಅದನ್ನು ಮೂರು ವರ್ಷ ಕೊಟ್ಟರೂ ಪ್ರಯೋಜನವಾಗಲಿಲ್ಲ. 2014ರಲ್ಲಿ ಅಮೆರಿಕದ 613 ಮಾಜಿ ಸೈನಿಕರ ಪರೀಕ್ಷೆಯಲ್ಲಿ ದೈನಂದಿನ ಕೆಲಸಗಳ ಸಾಮರ್ಥ್ಯ ತುಸು ನಿಧಾನವಾಗಿ ಕುಗ್ಗಿತು, ಅಷ್ಟೆ. 3,069 ವೃದ್ಧರ ಪರೀಕ್ಷೆಯಲ್ಲಿ ಗಿಂಕ್ಗೊ ಎಲೆಯ ಸಾರ ಮರೆವನ್ನು ತಡೆಯಲಿಲ್ಲವೆಂದು 2008ರಲ್ಲಿ ತಿಳಿಯಿತು. 2012ರಲ್ಲಿ ವರದಿಯಾದ, 36 ರೋಗಿಗಳ ಕರ್ಕ್ಯುಮಿನ್ ಪರೀಕ್ಷೆಯೂ ನಿಷ್ಫಲವಾಯಿತು. ನುಂಗಿದ್ದರಲ್ಲಿ ರಕ್ತಕ್ಕೆ ಸೇರಿದ್ದೇ ಅತ್ಯಲ್ಪ.

ಇಲಿಗೆ ಒಲಿದ ಮದ್ದು ಮನುಷ್ಯನಿಗೇಕೆ ಒಲಿಯಲಿಲ್ಲ? ಕಾರಣಗಳು ಹಲವು. ಇಲಿಗೆ ಈ ರೋಗ ತಾನಾಗಿ ಬರುವುದಿಲ್ಲ. ನಾವು ಬರಿಸಿದ್ದು ಅದರ ಒಂದು ಮುಖವನ್ನು ಮಾತ್ರ. ಜೀನು ಸೇರಿಸಿದ ಅನೇಕ ಚಿಟ್ಟಿಲಿಗಳಲ್ಲಿ ಗಡ್ಡೆ ಬೆಳೆದರೂ ನರಕೋಶಗಳು ನಮ್ಮಲ್ಲಿಯಂತೆ ನಾಶವಾಗುವುದಿಲ್ಲ. ಅವುಗಳಿಗೆ ಮದ್ದು ಸಿಗುವುದು ಹಲವೊಮ್ಮೆ ರೋಗದ ಆರಂಭದಲ್ಲೇ. ಮನುಷ್ಯನಲ್ಲಿ ಮರೆವು ಕಾಣುವ ಹೊತ್ತಿಗೆ ಮಿದುಳಿನೊಳಗೆ ಹತ್ತಾರು ವರ್ಷಗಳ ಹಾನಿ ನಡೆದುಹೋಗಿರುತ್ತದೆ. ಇಲಿಯ ಪ್ರಯೋಗ ಸುಳ್ಳಲ್ಲ. ಅದು ಒಂದು ಪ್ರಶ್ನೆ. ಅದನ್ನೇ ಉತ್ತರವೆಂದು ಮಾರುವುದು ಸುಳ್ಳು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಈ ತೊಂದರೆಯಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇಲಿಗಳ ಜೊತೆಗೆ ಮನುಷ್ಯರನ್ನೇ ದೀರ್ಘಕಾಲ ಗಮನಿಸುವ ಕೆಲಸವೂ ಶುರುವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಧ್ಯಯನ ಮಾಡುತ್ತಿದೆ.

ಹಾಗಾದರೆ ನಮ್ಮ ಮನೆಗಳಲ್ಲಿ ಏನು ಮಾಡೋಣ? ಒಂದೆಲಗದ ತಂಬುಳಿಯನ್ನು ಬಿಡಬೇಕಾಗಿಲ್ಲ, ಅದು ಊಟ. ಹೆಚ್ಚು ಪ್ರಮಾಣದ ವಿಟಮಿನ್ 'ಇ' ಊಟವಲ್ಲ; ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಅದು ರಕ್ತಸ್ರಾವದ ಅಪಾಯ ತರಬಹುದು. ಮರೆವು ಕಂಡರೆ ಮೊದಲು ವೈದ್ಯರಲ್ಲಿಗೆ ಹೋಗುವುದು ಲೇಸು. ಬಿ-12ರ ಕೊರತೆ, ಥೈರಾಯ್ಡ್ ದೋಷಗಳಿಂದ ಬಂದ ಮರೆವನ್ನು ಸರಿಪಡಿಸಲು ಸಾಧ್ಯವಿದೆ. ಡಬ್ಬಿಗಳನ್ನು ಬದಲಿಸುತ್ತ ಕೂತರೆ ಆ ಅವಕಾಶ ಕೈತಪ್ಪುತ್ತದೆ.

ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ, ನಾವು ತಿದ್ದಿಕೊಳ್ಳಬಹುದಾದ ಹದಿನಾಲ್ಕು ಕಾರಣಗಳಲ್ಲಿ ರಕ್ತದೊತ್ತಡ, ಮಧುಮೇಹ, ಕಿವುಡುತನಗಳ ಜೊತೆ ಒಂಟಿತನವೂ ಇದೆ. ಊರು ಬಿಟ್ಟು ಮಕ್ಕಳ ಫ್ಲ್ಯಾಟಿಗೆ ಬಂದು, ಅಕ್ಕಪಕ್ಕದವರ ಭಾಷೆ ಬಾರದೆ, ದಿನವಿಡೀ ಮಾತಿಲ್ಲದೆ ಕೂಡುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ! ಅವರನ್ನು ಸಂಘದ ಕಾರ್ಯಕ್ರಮಗಳಿಗೆ ಕರೆತರುವುದು, ಸಂಜೆ ಅರ್ಧ ಗಂಟೆ ಅವರೊಡನೆ ಕನ್ನಡದಲ್ಲಿ ಹರಟುವುದು ಯಾವ ಅಂಗಡಿಯಲ್ಲೂ ಸಿಗುವ ವಸ್ತುವಲ್ಲ. ಅದನ್ನು ನಾವೇ ಕೊಡಬೇಕು.