ಹೊಟ್ಟೆ ಉಬ್ಬರಕ್ಕೆ ಕಿಣ್ವದ ಮಾತ್ರೆ: ಯಾರಿಗೆ ಬೇಕು, ಯಾರಿಗೆ ಬೇಡ?

ಹಾಸ್ಟೆಲ್ ಮೆಸ್‌ನಲ್ಲಿ ರಾಜ್ಮಾ ತಿಂದ ರಾತ್ರಿ ಮೆಡಿಕಲ್ ಸ್ಟೋರ್‌ಗೆ ಹೋಗಿ "ಗ್ಯಾಸ್‌ಗೆ ಏನಾದ್ರೂ ಕೊಡಿ" ಅನ್ನಿ. ವೈದ್ಯರ ಚೀಟಿಯನ್ನೂ ಕೇಳದೆ ಒಂದು ಎನ್‌ಜೈಮ್ ಸಿರಪ್ಪೋ ಮಾತ್ರೆಯೋ ಕೈಗಿಡುತ್ತಾರೆ. ಲೇಬಲ್ ಓದಿದರೆ ಬಹುತೇಕ ಎರಡು ಹೆಸರು ಕಾಣುತ್ತವೆ: ಫಂಗಲ್ ಡಯಾಸ್ಟೇಸ್ ಮತ್ತು ಪೆಪ್ಸಿನ್. ಮೊದಲನೆಯದು ಪಿಷ್ಟವನ್ನು ಒಡೆಯುತ್ತದೆ, ಎರಡನೆಯದು ಪ್ರೋಟೀನನ್ನು. ರಾಜ್ಮಾದಿಂದ ಗ್ಯಾಸ್ ಆಗುವುದಕ್ಕೆ ಮುಖ್ಯ ಕಾರಣ ಇವೆರಡೂ ಅಲ್ಲ. ಕಿಣ್ವ ಪೂರಕಗಳ ವ್ಯಾಪಾರದ ಮೂಲ ಸಮಸ್ಯೆಯೇ ಇದು. ಕೆಲವು ಕಿಣ್ವಗಳು ನಿಜವಾಗಿಯೂ ಕೆಲಸ ಮಾಡುತ್ತವೆ, ಆದರೆ ಹೆಚ್ಚು ಬಿಕರಿಯಾಗುವುದು ಬೇರೆಯವು.

ಕಿಣ್ವ ಅಂದರೆ ಒಂದು ಬೀಗಕ್ಕೆ ಒಂದೇ ಕೀಲಿಕೈ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟೇಸ್ ಮಾತ್ರ ಒಡೆಯುತ್ತದೆ. ಅದು ಸಾಲದಿದ್ದರೆ ಲ್ಯಾಕ್ಟೋಸ್ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ಗುಡುಗುಡು, ಉಬ್ಬರ, ಭೇದಿ ಎಲ್ಲ ಅದರ ಫಲ.

ಇದನ್ನು ರೋಗ ಅನ್ನುವುದೇ ತಪ್ಪು. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನಕ್ಕೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗುವುದಿಲ್ಲ. ತಾಯಿ ಹಾಲು ಬಿಟ್ಟ ಮೇಲೆ ಲ್ಯಾಕ್ಟೇಸ್ ನಿಧಾನವಾಗಿ ಕಡಿಮೆಯಾಗುವುದು ಸಸ್ತನಿಗಳ ಸಹಜ ರೀತಿ. ದೊಡ್ಡವರಾದ ಮೇಲೂ ಅದನ್ನು ಉಳಿಸುವ ಜೀನ್ ರೂಪಾಂತರ ಹೈನುಗಾರಿಕೆ ಮಾಡಿಕೊಂಡು ಬಂದ ಕೆಲವು ಸಮುದಾಯಗಳಲ್ಲಿ ಹರಡಿತು. ಭಾರತದಲ್ಲಿ ಅದು ವಾಯವ್ಯದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವಕ್ಕೆ ಬಂದಂತೆ ಕಡಿಮೆ. ಹಾಲು ಅರಗದಿದ್ದರೆ ನಿಮ್ಮ ದೇಹದಲ್ಲಿ ಏನೋ ಕೊರತೆ ಅಂದುಕೊಳ್ಳಬೇಡಿ. ಹಾಲನ್ನು ಎಲ್ಲರಿಗೂ ಒಗ್ಗುವ ಪರಿಪೂರ್ಣ ಆಹಾರ ಎಂದು ಹೊಗಳುವ ನಮ್ಮ ಭಾಷಣಗಳಲ್ಲಿ ಈ ಮಾತು ಬರುವುದೇ ಇಲ್ಲ.

ಹಾಗಂತ ಶಾಲೆಗಳಲ್ಲಿ ಹಾಲು ಕೊಡುವುದು ತಪ್ಪು ಅಂತಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ ಸಿಗುವುದು 150 ಮಿ.ಲೀ. ಹಾಲು. ಅದರಲ್ಲಿ ಇರುವುದು ಹೆಚ್ಚುಕಡಿಮೆ 7 ಗ್ರಾಂ ಲ್ಯಾಕ್ಟೋಸ್. ಲ್ಯಾಕ್ಟೇಸ್ ಕಡಿಮೆ ಇರುವವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ದೊಡ್ಡ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಮಕ್ಕಳಲ್ಲಿ ಸಾಮಾನ್ಯವಾಗಿ ದೊಡ್ಡವರಿಗಿಂತ ಹೆಚ್ಚು ಲ್ಯಾಕ್ಟೇಸ್ ಉಳಿದಿರುತ್ತದೆ. ಆದರೂ "ನಂಗೆ ಹಾಲು ಬೇಡ, ಹೊಟ್ಟೆ ನೋಯುತ್ತೆ" ಎನ್ನುವ ಮಗುವಿನ ಮಾತನ್ನು ಹಟ ಅಂತ ತಳ್ಳಿಹಾಕಬಾರದು. ಮೊಟ್ಟೆಯಲ್ಲಿ ಲ್ಯಾಕ್ಟೋಸ್ ಇಲ್ಲ. ಮೊಟ್ಟೆ ವಿತರಣೆಯ ಜಗಳದಲ್ಲಿ ಈ ಅಂಶವನ್ನು ಯಾರೂ ಎತ್ತದಿರುವುದು ಸೋಜಿಗ.

ಕೆಲಸ ಮಾಡುವ ಎರಡು ಕಿಣ್ವಗಳು

ಲ್ಯಾಕ್ಟೇಸ್ ಮಾತ್ರೆಗೆ ಗಟ್ಟಿ ಪುರಾವೆ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಇದನ್ನು ಒಪ್ಪಿತು. ಅದು ಹೇಳಿದ ಪ್ರಮಾಣ ಹಾಲಿನಂಶವಿರುವ ಪ್ರತಿ ಊಟಕ್ಕೆ ಕನಿಷ್ಠ 4,500 ಎಫ್‌ಸಿಸಿ ಯೂನಿಟ್. ಲೇಬಲ್‌ನಲ್ಲಿ ನೋಡಬೇಕಾದದ್ದು ಈ ಯೂನಿಟ್ಟನ್ನೇ, ಮಿಲಿಗ್ರಾಂ ಅನ್ನಲ್ಲ. ಮಿಲಿಗ್ರಾಂ ಪುಡಿಯ ತೂಕ ಹೇಳುತ್ತದೆ, ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನಲ್ಲ. ಮಾತ್ರೆಯನ್ನು ಮೊದಲ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಪಾಯಸ ಉಂಡು ಎರಡು ಗಂಟೆ ಕಳೆದ ಮೇಲೆ ನುಂಗಿದರೆ ಏನೂ ಪ್ರಯೋಜನವಿಲ್ಲ.

ರಾಜ್ಮಾ, ಕಡಲೆ, ಅವರೆಕಾಳಿನ ಉಬ್ಬರದ ಕಥೆ ಬೇರೆ. ಅವುಗಳಲ್ಲಿರುವ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಯಾವ ಮನುಷ್ಯನ ಕರುಳಿನಲ್ಲೂ ತಯಾರಾಗುವುದಿಲ್ಲ. ಆ ಕೆಲಸವನ್ನು ಆಲ್ಫಾ-ಗ್ಯಾಲಕ್ಟೋಸಿಡೇಸ್ ಮಾಡುತ್ತದೆ. ಅದನ್ನು ಬೂಷ್ಟಿನಿಂದ ತೆಗೆಯುತ್ತಾರೆ. ಕಾಳು ತಿಂದಾಗ ಗ್ಯಾಸ್ ತಗ್ಗಿಸುತ್ತದೆ ಎಂದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಈರುಳ್ಳಿ, ಬೆಳ್ಳುಳ್ಳಿಯ ಫ್ರುಕ್ಟಾನ್ ಮೇಲೆ ಮಾತ್ರ ಇದರ ಆಟ ನಡೆಯದು. ಗ್ಯಾಲಕ್ಟೋಸೀಮಿಯಾ ಇರುವವರು ಇದನ್ನು ಮುಟ್ಟಬಾರದು.

ಖರ್ಚಿಲ್ಲದ ದಾರಿಗಳೂ ಇವೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿದರೆ ಈ ಸಕ್ಕರೆಗಳಲ್ಲಿ ಒಂದಷ್ಟು ಹೋಗುತ್ತದೆ. ಹೆಪ್ಪು ಹಾಕಿದ ಮೊಸರಿನ ಜೀವಂತ ಬ್ಯಾಕ್ಟೀರಿಯಾ ತಮ್ಮದೇ ಕಿಣ್ವ ಹೊತ್ತು ತರುತ್ತವೆ. ಹಾಲು ಒಗ್ಗದ ಎಷ್ಟೋ ಜನ ಮಜ್ಜಿಗೆ ಅನ್ನ ಆರಾಮಾಗಿ ಉಣ್ಣುವುದು ಇದಕ್ಕೇ.

ಸಿರಪ್ಪಿನ ಲೆಕ್ಕ

ಡಯಾಸ್ಟೇಸ್‌ಗೆ ದೊಡ್ಡ ಇತಿಹಾಸವಿದೆ. ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ಟಾಕಾಮಿನೆ ಅಮೆರಿಕದಲ್ಲಿ 1894ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದು ಟಾಕಾ-ಡಯಾಸ್ಟೇಸ್ ಹೆಸರಲ್ಲಿ ಮಾರಾಟವಾಯಿತು. ಆದರೆ ಆರೋಗ್ಯವಂತರ ಮೇದೋಜೀರಕ ಗ್ರಂಥಿ ಅಗತ್ಯಕ್ಕಿಂತ ಹಲವು ಪಟ್ಟು ಕಿಣ್ವ ಸುರಿಸುತ್ತದೆ. ಅದರ ಸಾಮರ್ಥ್ಯದಲ್ಲಿ ಸುಮಾರು 90% ನಷ್ಟವಾಗುವವರೆಗೆ ಕೊಬ್ಬು ಜೀರ್ಣವಾಗದೆ ಮಲದಲ್ಲಿ ಹೋಗುವ ಸ್ಥಿತಿ ಬರುವುದಿಲ್ಲ. ಅಂಥವರಿಗೆ ಹೊರಗಿನಿಂದ ಎರಡು ಚಮಚ ಡಯಾಸ್ಟೇಸ್ ಕುಡಿಸಿದರೆ ಏನಾದೀತು? ಪೆಪ್ಸಿನ್ ಕತೆ ಇನ್ನೂ ತಮಾಷೆ. ಅದಕ್ಕೆ ತೀವ್ರ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ನುಂಗಿ ಆಮ್ಲ ತಗ್ಗಿಸಿಕೊಂಡವರು ಅದರ ಮೇಲೆ ಪೆಪ್ಸಿನ್ ಕುಡಿಯುವುದು ಒಲೆ ಆರಿಸಿ ಅನ್ನಕ್ಕೆ ಇಟ್ಟ ಹಾಗೆ.

ಮೇದೋಜೀರಕ ಗ್ರಂಥಿಯೇ ಹಾಳಾದವರಿಗೆ, ಅಂದರೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ, ಕಿಣ್ವ ಪೂರಕವಲ್ಲ, ಔಷಧಿ. ಹಂದಿಯ ಗ್ರಂಥಿಯಿಂದ ತೆಗೆದ ಪ್ಯಾಂಕ್ರಿಯಾಟಿನ್ ಅದು. ವೈದ್ಯರು ಲೆಕ್ಕ ಹಾಕಿ ಕೊಡುತ್ತಾರೆ. ಮಾರುಕಟ್ಟೆಯಲ್ಲಿದ್ದ ಇಂಥ ಔಷಧಿಗಳೆಲ್ಲ ಪುರಾವೆ ಕೊಟ್ಟು ಅನುಮತಿ ಪಡೆಯಬೇಕು ಎಂದು ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಆದೇಶಿಸಿದರು. ಒಂದು ಡಬ್ಬಿಗೂ ಇನ್ನೊಂದಕ್ಕೂ ಸಾಮರ್ಥ್ಯ ತಾಳೆಯಾಗುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಅದೇ ದೇಶದಲ್ಲಿ, 1994ರ ಕಾನೂನಿನ ಪ್ರಕಾರ, ಪೂರಕ ಎಂದು ಮಾರುವ ಕಿಣ್ವಕ್ಕೆ ಮುಂಗಡ ಪುರಾವೆ ಬೇಕಿಲ್ಲ.

ನಮ್ಮಲ್ಲೂ ಎರಡು ಬಾಗಿಲು. ಕೆಲವು ಔಷಧ ಪರವಾನಗಿಯಲ್ಲಿ ಬರುತ್ತವೆ, ಕೆಲವು ಎಫ್‌ಎಸ್‌ಎಸ್‌ಎಐ ಪರವಾನಗಿಯ ಆಹಾರವಾಗಿ. 2016ರ ನಿಯಮದಂತೆ ಎರಡನೆಯವುಗಳ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಸಾಲು ಇರಬೇಕು. ಜಾಹೀರಾತಿನಲ್ಲಿ ಉಬ್ಬರ, ಅಜೀರ್ಣ ಎಲ್ಲದಕ್ಕೂ ಪರಿಹಾರ, ಡಬ್ಬಿಯ ಮೇಲೆ ಔಷಧಿಯಲ್ಲ. ಎರಡನ್ನೂ ಒಟ್ಟಿಗೆ ಹೇಳಿ ದಕ್ಕಿಸಿಕೊಳ್ಳಲು ಕಂಪನಿಗಳಿಗೆ ಆಗುತ್ತಿದೆ ಅಂದರೆ ನಿಯಂತ್ರಣ ಸಡಿಲ ಅಂತಲೇ ಅರ್ಥ. ಪ್ರತಿ ಕಿಣ್ವದ ಯೂನಿಟ್ ಎಷ್ಟು, ಯಾವ ಆಹಾರಕ್ಕೆ ಎಂದು ಕನ್ನಡದಲ್ಲಿ ಬರೆಯಿರಿ ಎನ್ನುವುದು ಅತಿಯಾದ ಬೇಡಿಕೆಯೇನಲ್ಲ.

ಗೋಧಿಯ ವಿಷಯದಲ್ಲಿ ಮಾತ್ರ ರಿಸ್ಕ್ ಬೇಡ. ಗ್ಲೂಟನ್ ಒಡೆಯುವ ಕಿಣ್ವ ಎಂದು ಏನು ಮಾರಿದರೂ ಸೀಲಿಯಕ್ ಕಾಯಿಲೆ ಇರುವವರನ್ನು ಅದು ಕಾಪಾಡುವುದಿಲ್ಲ. ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಹಾಲಿನ ಅಲರ್ಜಿಗೂ ಲ್ಯಾಕ್ಟೇಸ್ ಮದ್ದಲ್ಲ. ಆನ್‌ಲೈನ್‌ನಲ್ಲಿ ಸಿಗುವ ಐಜಿಜಿ 'ಫುಡ್ ಇಂಟಾಲರೆನ್ಸ್' ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅಲರ್ಜಿ ತಜ್ಞರ ಸಂಘಟನೆಗಳೇ ಅದನ್ನು ತಿರಸ್ಕರಿಸಿವೆ. ಎರಡು ವಾರ ಹಾಲು ಬಿಟ್ಟು, ಮತ್ತೆ ಕುಡಿದು ನೋಡಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ. ಖಚಿತವಾಗಬೇಕಿದ್ದರೆ ಹೈಡ್ರೋಜನ್ ಉಸಿರಿನ ಪರೀಕ್ಷೆ ಇದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಕ್ತಹೀನತೆ ಇದ್ದರೆ, ನಿದ್ದೆಯಿಂದೆಬ್ಬಿಸುವ ಭೇದಿಯಿದ್ದರೆ ಸಿರಪ್ ಬದಿಗಿಟ್ಟು ಅದೇ ವಾರ ವೈದ್ಯರನ್ನು ಕಾಣಿ.