ವಿಯೆಟ್ನಾಂನ ಅಗ್ಗದ ಮಸಾಜ್: ಮೈಯ ವಿಷ ಹೊರಹೋಗುತ್ತದೆಯೇ?

ವಿಯೆಟ್ನಾಂ ಪ್ರವಾಸ ಮಾಡಿದವರು ಬೆನ್ನ ಮೇಲಿನ ಕೆಂಪು ಗೆರೆಗಳ ಫೋಟೋ ಹಾಕಿ, ‘ಕಡಿಮೆ ದುಡ್ಡು, ಮೈಯ ವಿಷವೆಲ್ಲ ಹೊರಗೆ’ ಎಂದು ಹಂಚಿಕೊಳ್ಳುವುದುಂಟು. ಇದರಲ್ಲಿ ಅರ್ಧ ಮಾತ್ರ ನಿಜ.

ಅಗ್ಗ ಎಂಬುದು ನಿಜವೇ?
ಹೌದು. ಹನೋಯ್, ಹೊ ಚಿ ಮಿನ್ಹ್ ಸಿಟಿಯಂಥ ಊರುಗಳಲ್ಲಿ ತರಬೇತಿ ಪಡೆದ ಅಂಧರು ಮಸಾಜ್ ಮಾಡುವ ಕೇಂದ್ರಗಳಿವೆ. ಅಲಂಕಾರ, ಆಡಂಬರ ಇರುವುದಿಲ್ಲ. ದರ ಹೋಟೆಲ್ ಸ್ಪಾಗಳಿಗಿಂತ ಬಹಳ ಕಡಿಮೆ. ಬೋರ್ಡಿನಲ್ಲಿ ‘200ಕೆ’ ಎಂದಿದ್ದರೆ 2 ಲಕ್ಷ ಡಾಂಗ್ ಎಂದರ್ಥ, ನಮ್ಮ ಲೆಕ್ಕದಲ್ಲಿ ಸುಮಾರು 700 ರೂಪಾಯಿ. ಎಷ್ಟು ನಿಮಿಷ, ಟಿಪ್ಸ್ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕೆಂಪು ಗೆರೆ ವಿಷವೇ?
ಅಲ್ಲ. ಮುಲಾಮು ಹಚ್ಚಿ ನಾಣ್ಯ ಅಥವಾ ಚಮಚದಿಂದ ಬೆನ್ನು ಕೆರೆಯುವುದು ಅಲ್ಲಿನ ಮನೆಮದ್ದು. ಆಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಗೆರೆ ಮೂಡುತ್ತದೆ. ದೇಹದ ಕಲ್ಮಶ ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಮಸಾಜ್‌ನಿಂದ ಸಿಗುವುದು ಹಿತ ಮತ್ತು ಸ್ನಾಯುಗಳಿಗೆ ಆರಾಮ.

ಯಾರು ಎಚ್ಚರ ವಹಿಸಬೇಕು?
ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಕೆರೆಸಿಕೊಳ್ಳಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿನೀರು, ಬಿಸಿಕಲ್ಲು ಸುಟ್ಟರೂ ಗೊತ್ತಾಗದಿರಬಹುದು. ದೀರ್ಘ ವಿಮಾನ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ಒತ್ತಿಸಿಕೊಳ್ಳಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶ ಸೇರುವ ಅಪಾಯವಿದೆ. ಮಸಾಜ್‌ಗೆ ಮೊದಲು ವೈದ್ಯರ ಬಳಿ ಹೋಗಿ.

ಇಂಥ ಫೋಟೋ ಫಾರ್ವರ್ಡ್ ಮಾಡುವಾಗ ಈ ಎಚ್ಚರಿಕೆಯನ್ನೂ ಜೊತೆಗೆ ಕಳಿಸಿ ಎಂಬುದು ನಮ್ಮ ಕೋರಿಕೆ.