ಮುಂಬಯಿ ಕರ್ನಾಟಕದ ಅಳತೆಗೋಲು ಮತ್ತು ಪುಣೆಯ ತರಗತಿ

ಶಾಲೆಯ ಇತಿಹಾಸವನ್ನು ಬರೆದವರು ಪಠ್ಯಕ್ರಮ, ಬೋಧನ ಮಾಧ್ಯಮ, ಅನುದಾನಗಳಿಗೆ ಕೊಟ್ಟಷ್ಟು ಗಮನವನ್ನು ತರಗತಿಯಲ್ಲಿ ಕುಳಿತ ಮಗುವಿನ ವರ್ತನೆಗೆ ಕೊಟ್ಟಿಲ್ಲ. ಪ್ರಶ್ನೆಗೆ ಉತ್ತರಿಸದೆ ಮೌನವಾಗಿರುವ ಮಗು, ನಿಂತಲ್ಲಿ ನಿಲ್ಲದ ಮಗು, ಕಾರಣವಿಲ್ಲದೆ ಸಿಡುಕುವ ಮಗು – ಇವರನ್ನು ಯಾವ ಕಾಲದಲ್ಲಿ ಯಾವ ಹೆಸರಿನಿಂದ ಗುರುತಿಸಲಾಯಿತು ಎಂಬುದೂ ಇತಿಹಾಸದ ವಸ್ತುವೇ. ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು, ಕನ್ನಡ-ಮರಾಠಿ ಪ್ರದೇಶಗಳ ಸಂಬಂಧದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಪುಣೆಯೂ ಒಂದೇ ಆಡಳಿತಕ್ಕೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಶಿಕ್ಷಣ ನಿರ್ದೇಶಕರ ಕಚೇರಿ ಪುಣೆಯಲ್ಲಿತ್ತು. ಈ ಆವರಣದಲ್ಲಿಯೇ ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಅವರ ಲೇಖನ 1934ರಲ್ಲಿಯೂ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ 1940ರಲ್ಲಿಯೂ ಪ್ರಕಟವಾದವು. ವಿಶೇಷ ಶಿಕ್ಷಣ ಬೇಕಾದ ಮಕ್ಕಳನ್ನು ಗುರುತಿಸಲೆಂದು 1905ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಮಾಪನ, 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪರಿಷ್ಕಾರಗೊಂಡು ನಮ್ಮಲ್ಲಿಗೆ ಬಂದಿತು. ಕಾಮತರ ಆವೃತ್ತಿ ಭಾರತದ ಚಿಕಿತ್ಸಾಲಯಗಳಲ್ಲಿ ಮುಂದೆ ಹಲವು ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. ಮಗುವನ್ನು ಅದರ ಮಾತಿನಲ್ಲಿಯೇ ಪ್ರಶ್ನಿಸಬೇಕು, ಇಲ್ಲವಾದರೆ ಅಳೆಯುವುದು ಬುದ್ಧಿಯನ್ನಲ್ಲ, ಭಾಷೆಯ ಪರಿಚಯವನ್ನು ಎಂಬ ತಿಳಿವು ಈ ಕಾರ್ಯದ ಬುಡದಲ್ಲಿದೆ ಎನ್ನಬಹುದು.

ಆದರೆ ಈ ಅಳತೆಗೋಲಿಗೆ ಒಂದು ಮಿತಿಯಿದೆ. ಅದು ಮಗುವಿನ ಮಾನಸಿಕ ವಯಸ್ಸನ್ನು ತಿಳಿಸಬಲ್ಲದು. ಮಗು ಏಕೆ ಮೌನವಾಯಿತು ಎಂಬುದನ್ನು ತಿಳಿಸಲಾರದು. ಭಯ, ದುಃಖ, ತಳಮಳಗಳೂ ಅಂಕಗಳನ್ನು ತಗ್ಗಿಸುತ್ತವೆ. ಹೀಗಾಗಿ ಭಾವಕ್ಷೋಭೆಗೆ ಒಳಗಾದ ಮಗು ‘ಮಂದ’ವೆಂದೋ ‘ಹಟಮಾರಿ’ಯೆಂದೋ ಎಣಿಸಲ್ಪಡುವ ಅಪಾಯ ಉಳಿದೇ ಇತ್ತು.

1964ರಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಪುಣೆಯಲ್ಲಿ ಕಾಮಾಯನಿ ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಕೊಠಾರಿ ಶಿಕ್ಷಣ ಆಯೋಗವೂ ರಚಿತವಾಯಿತು. ಆಯೋಗದ ಸದಸ್ಯ-ಕಾರ್ಯದರ್ಶಿ ಜೆ. ಪಿ. ನಾಯಕರು ಕೊಲ್ಹಾಪುರ ಜಿಲ್ಲೆಯವರು; ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಬಳ್ಳಾರಿಯ ಸೆರೆಮನೆಯಲ್ಲಿ ಕನ್ನಡ ಕಲಿತು, ಬಳಿಕ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಅವರು ಕಟ್ಟಿದ ಭಾರತೀಯ ಶಿಕ್ಷಣ ಸಂಸ್ಥೆ 1976ರಲ್ಲಿ ಪುಣೆಗೆ ಬಂದಿತು. ಅಂಗವಿಕಲ ಮಕ್ಕಳಲ್ಲಿ ಶೇ. 10ರಷ್ಟು ಮಂದಿಗೆ 1986ರೊಳಗೆ ಶಿಕ್ಷಣ ದೊರೆಯಬೇಕೆಂಬುದು 1966ರ ಆಯೋಗ ವರದಿಯ ಗುರಿ. ಭಾವಕ್ಷೋಭೆಯ ಮಕ್ಕಳ ಅಗತ್ಯವನ್ನೂ ಆ ವರದಿ ಹೆಸರಿಸಿತ್ತೆಂಬುದು ಗಮನಾರ್ಹ.

ಈ ಹೆಸರು ಕಾನೂನಿಗೆ ಇಳಿದದ್ದು ಮಾತ್ರ ಬೇರೆಡೆ. ಅಮೆರಿಕದ 1975ರ ಶಿಕ್ಷಣ ಕಾಯಿದೆ ಭಾವಕ್ಷೋಭೆಯನ್ನು ಪ್ರತ್ಯೇಕ ವರ್ಗವಾಗಿ ಅಂಗೀಕರಿಸಿತು. ಎಲಿ ಬೋವರ್ ಎಂಬ ವಿದ್ವಾಂಸರ ಅಧ್ಯಯನವನ್ನು ಆಧರಿಸಿದ ಅದರ ಲಕ್ಷಣಗಳು ಐದು: ಬೇರೆ ಕಾರಣವಿಲ್ಲದೆ ಕಲಿಯಲಾಗದಿರುವುದು, ಒಡನಾಡಿಗಳೊಡನೆ ಬೆರೆಯಲಾರದಿರುವುದು, ಸಂದರ್ಭಕ್ಕೆ ಒಪ್ಪದ ವರ್ತನೆ, ನಿರಂತರ ಖಿನ್ನತೆ, ವೈಯಕ್ತಿಕ ಇಲ್ಲವೆ ಶಾಲೆಯ ಸಮಸ್ಯೆಗಳಿಗೆ ಸಂಬಂಧಿಸಿದ ದೈಹಿಕ ಬೇನೆ ಅಥವಾ ಭಯ. ಇವು ದೀರ್ಘಕಾಲ, ಗಣನೀಯ ಪ್ರಮಾಣದಲ್ಲಿ ಕಾಣಿಸಬೇಕೆಂಬ ನಿಬಂಧನೆಯೂ ಇದೆ. ಭಾರತದ 1995ರ ಕಾಯಿದೆ ಏಳು ಅಂಗವೈಕಲ್ಯಗಳನ್ನೂ 2016ರ ಕಾಯಿದೆ ಇಪ್ಪತ್ತೊಂದನ್ನೂ ಪಟ್ಟಿಮಾಡಿದವು. ಸ್ವಲೀನತೆ ಮತ್ತು ಕಲಿಕೆಯ ನ್ಯೂನತೆಗಳು ಎರಡನೆಯ ಪಟ್ಟಿಗೆ ಸೇರಿದವು. ಭಾವಕ್ಷೋಭೆ ಶಾಲೆಯ ಒಂದು ವರ್ಗವಾಗಿ ಎರಡರಲ್ಲಿಯೂ ಸೇರಲಿಲ್ಲ. ಮನೋರೋಗವೆಂಬ ವೈದ್ಯಕೀಯ ವರ್ಗವಿದ್ದರೂ, ವೈದ್ಯರವರೆಗೆ ತಲುಪದ ಮಗುವಿಗೆ ತರಗತಿಯಲ್ಲಿ ಉಳಿಯುವುದು ಅಶಿಸ್ತಿನ ಹಣೆಪಟ್ಟಿಯೊಂದೇ.

ಹೊರನಾಡ ಕನ್ನಡಿಗರ ವಿಷಯದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದ ಕುಟುಂಬದ ಮಗು ಮರಾಠಿ ತರಗತಿಯಲ್ಲಿ ಮೌನವಾಗಿರುವುದು ಸಹಜ. ಅದೇ ಮಗು ಆಟದ ಬಯಲಿನಲ್ಲಿ, ಮನೆಯವರ ನಡುವೆ ಕನ್ನಡದಲ್ಲಿ ಚುರುಕಾಗಿ ಮಾತನಾಡಿದರೆ ಆ ಮೌನದ ಕಾರಣ ಬಹುಪಾಲು ಭಾಷೆ. ಮನೆಯಲ್ಲಿಯೂ ಮಾತು ಬತ್ತಿ, ಊಟ ನಿದ್ರೆಗಳು ಕೆಟ್ಟು, ಒಡನಾಡಿಗಳಿಂದ ದೂರ ಸರಿಯುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಎರಡೂ ಕೂಡಿರುವ ಸಾಧ್ಯತೆಯೂ ಉಂಟು. ಒಂದೇ ಭಾಷೆಯಲ್ಲಿ, ಒಂದೇ ಕೋಣೆಯಲ್ಲಿ ನೋಡಿದವರಿಗೆ ಈ ಭೇದ ಕಾಣಿಸದು. ಭಾಷೆಯ ಮೌನವನ್ನು ಬುದ್ಧಿಮಾಂದ್ಯವೆಂದು ತಿಳಿದರೆ ಮಗು ತನ್ನದಲ್ಲದ ಶಾಲೆಗೆ ಹೋಗುತ್ತದೆ. ಸಂಕಟದ ಮೌನವನ್ನು ಭಾಷೆಯದೆಂದು ತಳ್ಳಿಹಾಕಿದರೆ ಸಿಗಬೇಕಾದ ನೆರವು ಸಿಗುವುದಿಲ್ಲ.

ಆದ್ದರಿಂದ ಹಳೆಯ ಶಾಲಾ ದಾಖಲೆಗಳಲ್ಲಿ ‘ಮಂದ’, ‘ಉಡಾಳ’ ಎಂಬ ಮಾತುಗಳನ್ನು ಕಂಡಾಗ ಸಂಶೋಧಕರು ಅವನ್ನು ಮಗುವಿನ ಲಕ್ಷಣವೆಂದು ಕೂಡಲೇ ಒಪ್ಪಿಕೊಳ್ಳಲಾಗದು; ಅವು ನೋಡಿದವರ ಕೈಯಲ್ಲಿದ್ದ ಅಳತೆಗೋಲಿನ ಲಕ್ಷಣವೂ ಹೌದು. ಬುದ್ಧಿಯನ್ನು ಅಳೆಯುವಾಗ ಕಾಮತರು ಎರಡು ಭಾಷೆಗಳನ್ನು ಬಳಸಿದರು. ವರ್ತನೆಯನ್ನು ಓದುವಾಗ ಆ ಎಚ್ಚರ ಇನ್ನೂ ಹೆಚ್ಚು ಅವಶ್ಯ.